ಓದುವ ಹುಡುಗರೂ ಆಡುವ ಹುಡುಗರೂ

ನಾಟಕವಾಡುವ ಹುಡುಗನಿಗೆ ಓದು ಹತ್ತುವುದಿಲ್ಲವೆಂಬ ಅಭಿಪ್ರಾಯವು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಪಾತ್ರ ವಹಿಸುತ್ತೇನೆಂದು ಮಗನೋ ಮಗಳೋ ಬಂದು ಹೇಳಿದರೆ, ಯಾವ ನಾಟಕ, ಏನು ಪಾತ್ರ ಎಂದು ವಿಚಾರಿಸುವುದಕ್ಕೆ ಮುಂಚೆಯೇ ಪರೀಕ್ಷೆ ಯಾವಾಗ ಎಂಬ ಪ್ರಶ್ನೆ ಬರುವುದು. ಹೀಗೆ ಕೇಳುವ ತಂದೆತಾಯಿಗಳನ್ನು ರಸಿಕತೆಯಿಲ್ಲದವರೆಂದು ಹಳಿಯುವುದು ಸುಲಭ. ಆದರೆ ಅವರ ಅಂಜಿಕೆ ಆಧಾರವಿಲ್ಲದ್ದಲ್ಲ. ಕನ್ನಡ ನಾಡಿನಲ್ಲಿ ಬಹುಕಾಲ ಆಟ ಬಲ್ಲ ಹುಡುಗರಿಗೆ ಅಕ್ಷರ ದೊರೆಯಲಿಲ್ಲ. ಅಕ್ಷರ ಬಲ್ಲ ಹುಡುಗರಿಗೆ ಆಟ ದೊರೆಯಲಿಲ್ಲ. ಇವೆರಡೂ ಒಬ್ಬನೇ ಬಾಲಕನಿಗೆ, ಒಬ್ಬಳೇ ಬಾಲಕಿಗೆ ಹೇಗೆ ದೊರೆಯಬಹುದೆಂಬುದನ್ನು ಕಂಡುಕೊಳ್ಳುವುದಕ್ಕೆ ನಮಗೆ ಸುಮಾರು ನೂರು ವರ್ಷ ಹಿಡಿಯಿತು. ವಿದ್ಯಾರ್ಥಿಗಳ ರಂಗಭೂಮಿಗೆ ಪ್ರೋತ್ಸಾಹ ಬೇಕೆಂದು ಸಭೆಗಳಲ್ಲಿ ಹೇಳುತ್ತಿರುವಾಗ ಈ ನೂರು ವರ್ಷಗಳ ಕಥೆಯನ್ನು ನೆನೆದುಕೊಳ್ಳುವುದು ಅನುಚಿತವಾಗಲಾರದು. ಯಾರು ಏನನ್ನು ಕೊಟ್ಟರು, ಕೊಟ್ಟದ್ದರಲ್ಲಿ ಯಾವುದು ನಿಂತಿತು, ಯಾವುದು ನಿಲ್ಲಲಿಲ್ಲ ಎಂಬುದೇ ಅದರಲ್ಲಿ ಮುಖ್ಯವಾದ ವಿಷಯ.

ಮೊದಲು ಕರಾವಳಿಯ ಯಕ್ಷಗಾನದ ಮೇಳವನ್ನು ನೋಡೋಣ. ಮೇಳವೆಂಬುದು ಶಾಲೆಯೆಂಬ ಹೆಸರಿಲ್ಲದ ಒಂದು ಶಾಲೆ. ಹೊಸದಾಗಿ ಸೇರಿದ ಹುಡುಗನು ಮೊದಲು ಕೋಡಂಗಿಯ ವೇಷ ಹಾಕಿ ಕುಣಿಯುವನು. ಕಾಲು ತಾಳಕ್ಕೆ ಒಗ್ಗಿದ ಮೇಲೆ ಬಾಲಗೋಪಾಲ. ತರುವಾಯ ಪೀಠಿಕೆಯ ಸ್ತ್ರೀವೇಷ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತ ಪ್ರಸಂಗದ ಪಾತ್ರಗಳಿಗೆ ಬರುವನು. ಪ್ರೇಕ್ಷಕರು ಪೂರ್ತಿಯಾಗಿ ಸೇರುವುದಕ್ಕೆ ಮುಂಚೆ, ಸಂಜೆಯ ಹೊತ್ತಿನಲ್ಲಿ, ತಪ್ಪಿದರೂ ಯಾರೂ ನಗದ ಸಮಯದಲ್ಲಿ ಹುಡುಗರನ್ನು ರಂಗಕ್ಕೆ ಬಿಡುವ ಈ ಪದ್ಧತಿಯನ್ನು ಕಲ್ಪಿಸಿದವರು ಶಿಕ್ಷಣಶಾಸ್ತ್ರವನ್ನು ಓದಿದವರಲ್ಲ. ಆದರೂ ಮಕ್ಕಳ ಸ್ವಭಾವವನ್ನು ಅರಿತವರು. ರಾತ್ರಿಯೆಲ್ಲ ಚೌಕಿಯಲ್ಲಿ ಕುಳಿತು ಹಿರಿಯರ ಅರ್ಥಗಾರಿಕೆಯನ್ನು ಕೇಳಿದ ಹುಡುಗನಿಗೆ ರಾಮಾಯಣ ಭಾರತಗಳು ಕಂಠಗತವಾಗುತ್ತಿದ್ದುವು. ಕೃಷ್ಣಸಂಧಾನದಲ್ಲಿ ಕೌರವನ ಪಕ್ಷವನ್ನು ವಾದಿಸುವುದು ಹೇಗೆ, ಎದುರಾಳಿಯ ಒಂದು ಮಾತನ್ನು ಹಿಡಿದು ಅವನಿಗೇ ತಿರುಗಿಸುವುದು ಹೇಗೆ ಎಂಬುದನ್ನು ಅವನು ಯಾವ ವಕೀಲನಿಗಿಂತಲೂ ಮೊದಲು ಕಲಿಯುತ್ತಿದ್ದನು.

ಇಷ್ಟೆಲ್ಲ ಇದ್ದು ಕೊರತೆ ಎಲ್ಲಿ? ಪಂಚಾಂಗದಲ್ಲಿ. ಮೇಳಗಳು ಮಳೆಗಾಲ ಕಳೆದು, ದೀಪಾವಳಿಯ ತರುವಾಯ ತಿರುಗಾಟಕ್ಕೆ ಹೊರಡುವುವು. ತುಳುನಾಡಿನಲ್ಲಿ ಪತ್ತನಾಜೆಯೆಂದು ಕರೆಯುವ, ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ದಿನದಂದು ಗೆಜ್ಜೆ ಬಿಚ್ಚುವುವು. ಇದೇ ಆರು ತಿಂಗಳು ಶಾಲೆಯಲ್ಲಿ ಪಾಠ ಬಿರುಸಾಗಿ ನಡೆದು ಪರೀಕ್ಷೆ ಬರುವ ಕಾಲ. ರಾತ್ರಿ ಬೆಳಗಾಗುವವರೆಗೆ ಆಟ, ಹಗಲು ಮುಂದಿನ ಊರಿಗೆ ಪಯಣ. ಇದರ ನಡುವೆ ಹುಡುಗನು ಶಾಲೆಯ ಮಣೆಯ ಮೇಲೆ ಕುಳಿತುಕೊಳ್ಳುವುದು ಹೇಗೆ? ಎರಡರಲ್ಲಿ ಒಂದನ್ನು ಬಿಡಬೇಕಾಗಿತ್ತು. ಬಡವರ ಮನೆಯ ಮಗನಾದರೆ ಶಾಲೆಯನ್ನು ಬಿಟ್ಟನು. ಉಳ್ಳವರ ಮನೆಯ ಮಗನಾದರೆ ಮೇಳದ ಕಡೆಗೆ ಸುಳಿಯದಂತೆ ಅವನನ್ನು ಕಾಯ್ದುಕೊಂಡರು.

ಇನ್ನು ಮೈಸೂರಿನ ಕಡೆಗೆ ಬರೋಣ. ೧೮೮೧ರಲ್ಲಿ ರಾಜ್ಯಾಧಿಕಾರವನ್ನು ಪಡೆದಾಗ ಹತ್ತನೆಯ ಚಾಮರಾಜೇಂದ್ರ ಒಡೆಯರು ಹದಿನೆಂಟು ವರ್ಷದ ಯುವಕರು. ಆ ಕಾಲದಲ್ಲಿಯೇ ಸಾಂಗಲಿಯ ಕಡೆಯ ನಾಟಕ ಮಂಡಲಿಗಳು ದಕ್ಷಿಣಕ್ಕೆ ಬಂದು ಜನರ ಮನಸ್ಸನ್ನು ಸೂರೆಗೊಂಡಿದ್ದುವು. ಕನ್ನಡದಲ್ಲಿಯೂ ಇಂತಹ ನಾಟಕಗಳಾಗಬೇಕೆಂಬ ಅಪೇಕ್ಷೆ ಅರಮನೆಯಲ್ಲಿ ಹುಟ್ಟಿ, ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ಸ್ಥಾಪಿತವಾಯಿತು. ಅದಕ್ಕೋಸ್ಕರ ಆಸ್ಥಾನದ ಕವಿಗಳಾಗಿದ್ದ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನ ಶಾಕುಂತಲವನ್ನು ಕನ್ನಡಕ್ಕೆ ತಂದರು. ಮೈಸೂರು ಸಂಸ್ಥಾನದ ಗೀತೆಯನ್ನು ರಚಿಸಿದವರೂ ಇವರೇ. ಶಾಸ್ತ್ರಿಗಳಿಗೆ ಇಂಗ್ಲಿಷು ಬಾರದು, ಆದರೂ ಸಿ. ಸುಬ್ಬರಾಯರು ಅರ್ಥ ಹೇಳಲು, ಷೇಕ್ಸ್‌ಪಿಯರನ ಒಥೆಲೋ ನಾಟಕವನ್ನು ಶೂರಸೇನ ಚರಿತ್ರೆಯೆಂಬ ಹೆಸರಿನಿಂದ ರಚಿಸಿದರು. ಪಂಡಿತನ ಅಕ್ಷರವೂ ನಟನ ಕಂಠವೂ ಒಂದೇ ಛಾವಣಿಯ ಕೆಳಗೆ ಕೂಡಿದ ಅಪೂರ್ವ ಸಂದರ್ಭವದು. ಆದರೆ ಆ ಛಾವಣಿ ಅರಮನೆಯದು. ೧೮೯೪ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಮಹಾರಾಜರು ಕಾಲವಾದರು. ದೊರೆಯ ರಸಿಕತೆಯಿಂದ ಬೆಳೆದದ್ದು ದೊರೆಯ ಆಯುಸ್ಸಿಗೆ ಕಟ್ಟುಬಿದ್ದಿರುತ್ತದೆ. ಹಾಗಾಗಬಾರದಾಗಿದ್ದರೆ ಆ ಕೂಟವು ಅರಮನೆಯಿಂದ ಶಾಲೆಗೆ ಇಳಿದುಬರಬೇಕಾಗಿತ್ತು. ಇಳಿದುಬಂದದ್ದು ಶಾಲೆಗಲ್ಲ, ಕಂಪೆನಿಗಳಿಗೆ.

ಕಂಪೆನಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಏಕೆಂದರೆ ಹುಡುಗರ ಮಟ್ಟಿಗೆ ಅವು ನಮ್ಮ ನಾಡಿನ ಅತಿ ದೊಡ್ಡ ಕಲಾಶಾಲೆಗಳಾಗಿದ್ದುವು. ಗುಬ್ಬಿಯ ಚನ್ನಬಸವೇಶ್ವರ ನಾಟಕ ಸಂಘವು ೧೮೮೪ರಲ್ಲಿ ಹುಟ್ಟಿತು. ಮುಂದೆ ಅದಕ್ಕೆ ತಮ್ಮ ಹೆಸರನ್ನೇ ಕೊಟ್ಟ ವೀರಣ್ಣನವರು ಎಳೆಯ ಬಾಲಕರಾಗಿರುವಾಗಲೇ ಅದನ್ನು ಸೇರಿದವರು. ಆನೆ ಕುದುರೆಗಳನ್ನು ರಂಗಕ್ಕೆ ತಂದ ಕುರುಕ್ಷೇತ್ರ ನಾಟಕದ ವೈಭವವನ್ನು ನೋಡಿದವರು ಅದನ್ನು ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದರು. ಆದರೆ ನಾನು ಹೇಳಬೇಕೆಂದಿರುವುದು ಪರದೆಯ ಹಿಂದಿನ ಹುಡುಗರ ಮಾತು. ಬೆಳಗ್ಗೆ ಹಾರ್ಮೋನಿಯಮ್ಮಿನ ಮುಂದೆ ಕುಳಿತು ಕಂಠಸಾಧನೆ, ಆಮೇಲೆ ಮಾತಿನ ಅಭ್ಯಾಸ, ರಾತ್ರಿ ಆಟ. ಊರೊಂದರಲ್ಲಿ ಕೆಲವು ತಿಂಗಳ ಮೊಕ್ಕಾಂ, ಮತ್ತೆ ಸಾಮಾನು ಕಟ್ಟಿ ಇನ್ನೊಂದೂರು. ಅವರಲ್ಲಿ ಹೆಚ್ಚಿನವರು ಊಟಕ್ಕಾಗಿ ಬಂದವರು. ಸ್ತ್ರೀಪಾತ್ರಗಳನ್ನೂ ಬಹುಕಾಲ ಹುಡುಗರೇ ವಹಿಸುತ್ತಿದ್ದುದರಿಂದ, ಇಂಪಾದ ಕಂಠವುಳ್ಳ ಬಾಲಕನಿಗೆ ಹತ್ತು ಹದಿಮೂರು ವರ್ಷಗಳ ನಡುವೆ ರಾಜೋಪಚಾರ. ಆದರೆ ಕಂಠ ಒಡೆಯುವ ವಯಸ್ಸು ಯಾರನ್ನೂ ಬಿಡುವುದಿಲ್ಲವಷ್ಟೆ. ನಿನ್ನೆಯವರೆಗೆ ದಮಯಂತಿಯಾಗಿ ಹಾಡುತ್ತಿದ್ದವನು ಈ ದಿನ ಪರದೆ ಎಳೆಯುವವನಾಗಬಹುದು. ಆಗ ಅವನ ಕೈಯಲ್ಲಿ ಬೇರೆ ವಿದ್ಯೆಯೊಂದೂ ಇರುತ್ತಿರಲಿಲ್ಲ. ಪ್ರತಿಭೆಯುಳ್ಳ ಕೆಲವರು ದಾಟಿಕೊಂಡರು. ಹೆಸರೇ ಉಳಿಯದವರು ಎಷ್ಟು ಮಂದಿ ದಾಟಲಾರದೆ ಹೋದರೋ!

ದಾಟಿಕೊಂಡವರಲ್ಲಿ ಒಬ್ಬರ ಉದಾಹರಣೆ ಎಲ್ಲರಿಗೂ ಗೊತ್ತಿದ್ದದ್ದೇ. ತಂದೆ ಪುಟ್ಟಸ್ವಾಮಯ್ಯನವರೊಂದಿಗೆ ಗುಬ್ಬಿ ಕಂಪೆನಿಯನ್ನು ಸೇರಿದ ಮುತ್ತುರಾಜನೆಂಬ ಬಾಲಕನ ಓದು ಪ್ರಾಥಮಿಕ ಶಾಲೆಯಲ್ಲಿಯೇ ನಿಂತಿತು. ಆತನೇ ೧೯೫೪ರಲ್ಲಿ ಬೇಡರ ಕಣ್ಣಪ್ಪನಾಗಿ ಬೆಳ್ಳಿತೆರೆಗೆ ಬಂದು ರಾಜಕುಮಾರರೆನಿಸಿಕೊಂಡರು. ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟು ಪದವಿಯನ್ನು ಕೊಟ್ಟಿತು. ಅವರ ಕನ್ನಡದ ಉಚ್ಚಾರಣೆಯನ್ನು ಮೇಲ್ಪಂಕ್ತಿಯಾಗಿಟ್ಟುಕೊಂಡ ಪದವೀಧರರು ನಾಡಿನಲ್ಲಿ ಸಾವಿರಾರು. ಶಾಲೆಗಳಿಂದಾಗದ ಕೆಲಸವನ್ನು ಕಂಪೆನಿಯು ಮಾಡಿತೆಂದು ಹಿಗ್ಗಬಹುದು. ಕಂಪೆನಿಯಲ್ಲಿದ್ದ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತೆಂದು ಮರುಗಲೂಬಹುದು. ನನಗೆ ಎರಡೂ ನಿಜವೆಂದೇ ತೋರುತ್ತದೆ.

ಇದೇ ಕಂಪೆನಿಗೆ ದಕ್ಷಿಣ ಕನ್ನಡದ ಮಂಚಿಯಿಂದ ಮನೆ ಬಿಟ್ಟು ಓಡಿಬಂದ ಇನ್ನೊಬ್ಬ ಹುಡುಗನಿದ್ದನು. ೧೯೨೯ರಲ್ಲಿ ಹುಟ್ಟಿದ ಆ ಬಿ. ವಿ. ಕಾರಂತನ ವಿಷಯದಲ್ಲಿ ವೀರಣ್ಣನವರು ಮಾಡಿದ ಕೆಲಸವನ್ನು ಅವರ ಆನೆ ಕುದುರೆಗಳಿಗಿಂತ ದೊಡ್ಡದೆಂದು ನಾನು ಎಣಿಸುತ್ತೇನೆ. ಅವರು ಅವನನ್ನು ಕಾಶಿಗೆ ಕಳುಹಿಸಿ ಅಲ್ಲಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಓದಿಸಿದರು. ಅಲ್ಲಿ ಆತನು ಪದವಿಯನ್ನು ಪಡೆದುದಲ್ಲದೆ ಪಂಡಿತ ಓಂಕಾರನಾಥ ಠಾಕೂರರ ಬಳಿ ಸಂಗೀತವನ್ನೂ ಅಭ್ಯಾಸಮಾಡಿದನು. ನಾಟಕ ಕಂಪೆನಿಯ ಯಜಮಾನನೊಬ್ಬನು ತನ್ನ ಹುಡುಗನನ್ನು ರಂಗದಿಂದ ಬಿಡಿಸಿ ಓದಿಗೆ ಕಳುಹಿಸುವುದೆಂದರೆ ಸಾಮಾನ್ಯವಲ್ಲ. ಆ ವೆಚ್ಚದ ಫಲವು ಮಕ್ಕಳ ರಂಗಭೂಮಿಗೆ ಹೇಗೆ ಬಂದಿತೆಂಬುದನ್ನು ಮುಂದೆ ನೋಡೋಣ.

ಅತ್ತ ಶಾಲೆ ಕಾಲೇಜುಗಳಲ್ಲಿ ಏನು ನಡೆಯುತ್ತಿತ್ತು? ಸರ್ಕಾರದ ಉದ್ಯೋಗಕ್ಕೆ ತಕ್ಕ ವಿದ್ಯೆಯೆಂದು ಬಂದ ಇಂಗ್ಲಿಷು ಶಿಕ್ಷಣದಲ್ಲಿ ಷೇಕ್ಸ್‌ಪಿಯರನು ಪಠ್ಯಪುಸ್ತಕವಾಗಿ ಬಂದನೇ ಹೊರತು ಆಟವಾಗಿ ಬರಲಿಲ್ಲ. ಒಂದು ಅಂಕವನ್ನು ಬಾಯಿಪಾಠಮಾಡಿ, ಅದರ ಮೇಲಿನ ಟಿಪ್ಪಣಿಗಳನ್ನೂ ಬಾಯಿಪಾಠಮಾಡಿ, ಎರಡನ್ನೂ ಉತ್ತರಪತ್ರಿಕೆಗೆ ಇಳಿಸಿದ ಯುವಕನು ನಾಟಕವನ್ನು ಕಲಿತವನೆನಿಸಿಕೊಳ್ಳುತ್ತಿದ್ದನು. ಕಂಪೆನಿಯ ನಾಟಕಗಳಿಗೆ ಹೋಗುವುದು ವಿದ್ಯಾರ್ಥಿಗಳಿಗೆ ಸಲ್ಲದೆಂದು ಹಿರಿಯರು ಭಾವಿಸುತ್ತಿದ್ದರು. ವಿದ್ಯಾರ್ಥಿಗಳು ಕದ್ದು ಹೋಗುತ್ತಿದ್ದರು. ೧೯೦೯ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮಾಟಿಕ್ ಅಸೋಸಿಯೇಷನ್ ಸ್ಥಾಪಿತವಾದಾಗ, ಓದಿದವರು ಹೊಟ್ಟೆಪಾಡಿಗಲ್ಲದೆ ಸಂತೋಷಕ್ಕಾಗಿ ವೇಷ ಹಾಕುವುದು ಮಾನ್ಯವಾದ ಕೆಲಸವೆಂಬ ಭಾವನೆಗೆ ಎಡೆಯಾಯಿತು.

ಈ ಹವ್ಯಾಸಿ ರಂಗಭೂಮಿಗೆ ಬಂದವರು ಟಿ. ಪಿ. ಕೈಲಾಸಂ. ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರವನ್ನು ಓದಿ ೧೯೧೫ರಲ್ಲಿ ಹಿಂದಿರುಗಿದ ಇವರು ಮೊದಲು ಬರೆದ ನಾಟಕ ಟೊಳ್ಳುಗಟ್ಟಿ. ಅದರ ವಸ್ತುವೇ ನಮ್ಮ ಇಂದಿನ ಪ್ರಶ್ನೆಯೆಂಬುದನ್ನು ಗಮನಿಸಬೇಕು. ಒಂದು ಮನೆಯಲ್ಲಿ ಇಬ್ಬರು ಹುಡುಗರು. ಒಬ್ಬನು ಪುಸ್ತಕದಿಂದ ತಲೆಯೆತ್ತದೆ ಪರೀಕ್ಷೆಯಲ್ಲಿ ಗೆಲ್ಲುವವನು, ಇನ್ನೊಬ್ಬನು ಪರೀಕ್ಷೆಯಲ್ಲಿ ಸೋತು ಮನೆಯವರ ಕಷ್ಟಕ್ಕೆ ಒದಗುವವನು. ಇವರಲ್ಲಿ ಟೊಳ್ಳು ಯಾರು, ಗಟ್ಟಿ ಯಾರು? ಪರೀಕ್ಷೆಯನ್ನೇ ಪರಮಪುರುಷಾರ್ಥವೆಂದು ತಿಳಿದಿದ್ದ ಬೆಂಗಳೂರಿನ ಸಭಿಕರೆದುರಿಗೆ, ಅವರ ಮನೆಮಾತಿನಲ್ಲಿಯೇ, ಅವರ ನಡುಮನೆಯನ್ನೇ ರಂಗವಾಗಿ ಮಾಡಿ ಈ ಪ್ರಶ್ನೆಯನ್ನು ಹಾಕಿದ್ದು ಸಣ್ಣ ಧೈರ್ಯವಲ್ಲ. ಪೋಲಿ ಕಿಟ್ಟಿಯಲ್ಲಿಯೂ ಮನೆಯವರು ಕೆಲಸಕ್ಕೆ ಬಾರದವನೆಂದು ಕೈಬಿಟ್ಟ ಹುಡುಗನೇ ಸ್ಕೌಟಿನ ಉಡುಪಿನಲ್ಲಿ ನಾಯಕನಾಗುತ್ತಾನೆ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಕೈಲಾಸಂರವರ ನಾಟಕಗಳು ಚಿಕ್ಕವು, ಪಾತ್ರಗಳು ಕೆಲವೇ, ಪರದೆ ಪರಿಕರಗಳ ಹೊರೆಯಿಲ್ಲ, ನಾಲ್ಕು ಕುರ್ಚಿ, ಒಂದು ಮೇಜು ಇದ್ದರೆ ಸಾಕು. ಕಾಲೇಜಿನ ಸಂಘವೊಂದು ತನ್ನ ಬಡ ಬೊಕ್ಕಸದಿಂದ ಆಡಬಹುದಾದ ನಾಟಕಗಳಿವು. ಆದ್ದರಿಂದಲೇ ಅವು ನಾಡಿನ ಕಾಲೇಜುಗಳಿಗೆಲ್ಲ ಹರಡಿದುವೆಂದು ನನ್ನ ಊಹೆ. ನಮ್ಮ ಏಕಾಂಕಗಳ ಬೆಳವಣಿಗೆಗೆ ಸಾಹಿತ್ಯದ ಕಾರಣಗಳನ್ನು ಮಾತ್ರ ಹುಡುಕುವ ವಿಮರ್ಶಕರು, ವಿದ್ಯಾರ್ಥಿಸಂಘದ ಖಜಾಂಚಿಯ ಲೆಕ್ಕದ ಪುಸ್ತಕವನ್ನೂ ಒಂದು ಸಲ ತೆರೆದು ನೋಡಬೇಕು!

೧೯೧೯ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘವು ಎ. ಆರ್. ಕೃಷ್ಣಶಾಸ್ತ್ರಿಗಳ ಪ್ರಯತ್ನದಿಂದ ಪ್ರಬುದ್ಧ ಕರ್ಣಾಟಕವೆಂಬ ಪತ್ರಿಕೆಯನ್ನು ಹೊರಡಿಸಿತು. ಇಂಗ್ಲಿಷಿನ ಅಧ್ಯಾಪಕರಾದ ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ರನ್ನನ ಕಾವ್ಯದಿಂದ ಗದಾಯುದ್ಧ ನಾಟಕವನ್ನೂ, ೧೯೨೯ರಲ್ಲಿ ಗ್ರೀಕರ ರುದ್ರನಾಟಕದ ಮಾರ್ಗದಲ್ಲಿ ಅಶ್ವತ್ಥಾಮನ್ ನಾಟಕವನ್ನೂ ಕೊಟ್ಟರು. ಕುವೆಂಪುರವರ ಜಲಗಾರ ಮತ್ತು ಯಮನ ಸೋಲು ೧೯೨೮ರ ಸುಮಾರಿನವು. ಮೋಡಣ್ಣನ ತಮ್ಮ, ನನ್ನ ಗೋಪಾಲ ಎಂಬ ನಾಟಕಗಳನ್ನು ಅವರು ಚಿಕ್ಕ ಮಕ್ಕಳಿಗೆಂದೇ ಬರೆದರು. ಮಹಾಕವಿಯಾಗಲಿದ್ದವರು ಮಕ್ಕಳ ನಾಟಕವನ್ನು ಕೀಳೆಂದು ಎಣಿಸಲಿಲ್ಲ. ದೇವಾಲಯದ ಹೊರಗಿನ ಬೀದಿಯನ್ನು ಗುಡಿಸುವವನ ಬಳಿಗೆ ಶಿವನೇ ಜಲಗಾರನಾಗಿ ಬರುವ ಆ ಪುಟ್ಟ ನಾಟಕವನ್ನು ಶಾಲೆಯ ಮಕ್ಕಳು ಈಗಲೂ ಆಡುತ್ತಿದ್ದಾರೆ.

ಹೀಗೆ ಕಾಲೇಜು ನಮಗೆ ಹೊಸ ನಾಟಕಸಾಹಿತ್ಯವನ್ನು ಕೊಟ್ಟಿತು. ಆದರೆ ನಾಟಕದ ಶಿಕ್ಷಣವನ್ನು ಕೊಟ್ಟಿತೆನ್ನಲಾಗುವುದಿಲ್ಲ. ಆಸಕ್ತಿಯುಳ್ಳ ಒಬ್ಬ ಅಧ್ಯಾಪಕರಿದ್ದರೆ ಸಂಘ ಬೆಳಗುತ್ತಿತ್ತು. ಅವರಿಗೆ ವರ್ಗವಾದರೆ ಆರುತ್ತಿತ್ತು. ನಾಟಕವು ವರ್ಷಕ್ಕೊಂದು ದಿನದ ಉತ್ಸವ. ಅದಕ್ಕೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯೂ ಇಲ್ಲ, ವೇತನ ಪಡೆಯುವ ಒಬ್ಬ ಗುರುವೂ ಇಲ್ಲ. ಇದಲ್ಲದೆ ಅರ್ಧದಷ್ಟು ಮಕ್ಕಳನ್ನು ಅದು ಹೊರಗೇ ಇಟ್ಟಿತ್ತು. ಕಾಲೇಜಿನ ರಂಗದ ಮೇಲೆಯೂ ಸೀರೆಯುಟ್ಟು ಬರುತ್ತಿದ್ದವರು ಬಹುಮಟ್ಟಿಗೆ ಯುವಕರೇ. ಹೆಣ್ಣುಮಕ್ಕಳ ಓದಿನ ವಿಷಯದಲ್ಲಿ ಉದಾರಿಗಳಾಗಿದ್ದ ಎಷ್ಟೋ ಮನೆತನಗಳು ಅವರ ಅಭಿನಯದ ವಿಷಯದಲ್ಲಿ ಬಾಗಿಲು ಹಾಕಿಕೊಂಡಿದ್ದುವು.

ಆಟವನ್ನು ವಾರ್ಷಿಕೋತ್ಸವದ ಅಲಂಕಾರವಾಗಿಡದೆ ಪಾಠದ ನಡುವೆಯೇ ತಂದ ಮೊದಲ ದೊಡ್ಡ ಪ್ರಯೋಗಕ್ಕೆ ನಾವು ವಂಗದೇಶಕ್ಕೆ ಹೋಗಬೇಕು. ರವೀಂದ್ರನಾಥ ಠಾಕೂರರು ೧೯೦೧ರಲ್ಲಿ ಶಾಂತಿನಿಕೇತನದ ಶಾಲೆಯನ್ನು ತೆರೆದರು. ೧೯೦೮ರಲ್ಲಿ ಅಲ್ಲಿಯ ಬಾಲಕರಿಗಾಗಿ ಶಾರದೋತ್ಸವವೆಂಬ ನಾಟಕವನ್ನು ಬರೆದರು. ಶರತ್ಕಾಲದ ರಜೆ ಬಂದಿದೆ. ಹುಡುಗರೆಲ್ಲ ಬಯಲಿಗೆ ಓಡುತ್ತಾರೆ. ಉಪನಂದನೆಂಬ ಒಬ್ಬನು ಮಾತ್ರ, ತೀರಿಹೋದ ತನ್ನ ಗುರುವಿನ ಸಾಲವನ್ನು ತೀರಿಸುವುದಕ್ಕಾಗಿ, ಓಲೆಗ್ರಂಥಗಳನ್ನು ಪ್ರತಿಮಾಡುತ್ತ ಕುಳಿತಿರುತ್ತಾನೆ. ಸಂನ್ಯಾಸಿಯ ವೇಷದಲ್ಲಿದ್ದ ರಾಜನು ಅವನನ್ನು ಎಬ್ಬಿಸಿ ಆಟಕ್ಕೆ ಕಳುಹಿಸುವುದಿಲ್ಲ. ತಾನೂ ಅವನ ಬಳಿ ಕುಳಿತು ಬರೆಯತೊಡಗುತ್ತಾನೆ. ಕೆಲಸವೇ ಆಟವಾಗಿಬಿಡುತ್ತದೆ. ಶಾಂತಿನಿಕೇತನದಲ್ಲಿ ಕವಿಯೂ ಉಪಾಧ್ಯಾಯರೂ ಮಕ್ಕಳೊಡನೆ ಬೆರೆತು ಪಾತ್ರ ವಹಿಸುತ್ತಿದ್ದರು. ಗುರುವು ತನ್ನೆದುರು ಮಾತು ಮರೆತು ತಡವರಿಸುವುದನ್ನು ನೋಡಿದ ಹುಡುಗನಿಗೆ ತರಗತಿಯಲ್ಲಿ ಪ್ರಶ್ನೆ ಕೇಳುವುದಕ್ಕೆ ಅಂಜಿಕೆಯಿರಲಾರದು.

ನಮ್ಮ ಕಡೆಯಲ್ಲಿ ಇದಕ್ಕೆ ಸಮೀಪವಾದ ಸಾಹಸವನ್ನು ಮಾಡಿದವರು ಶಿವರಾಮ ಕಾರಂತರು. ೧೯೩೦ರ ದಶಕದಲ್ಲಿ ಅವರು ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಹಾಡು, ಕುಣಿತ, ಚಿತ್ರ, ನಾಟಕಗಳ ಮೂಲಕ ವಿದ್ಯೆ ಕಲಿಸಲು ಯತ್ನಿಸಿದರು. ೧೯೩೬ರ ಬಾಲಪ್ರಪಂಚದ ಮೂರು ಸಂಪುಟಗಳು ಅದೇ ಉತ್ಸಾಹದ ಫಲ. ಮುಕ್ತದ್ವಾರ, ಕಿಸಾಗೋತಮಿಗಳಂತಹ ಗೀತನಾಟಕಗಳನ್ನು ಅವರೇ ಬರೆದು ಅವರೇ ಆಡಿಸಿದರು. ಆದರೆ ಆ ಶಾಲೆ ಬಹುಕಾಲ ನಡೆಯಲಿಲ್ಲ. ಅದನ್ನು ನೋಡಿ ಬೇರೆ ಶಾಲೆಗಳು ಹುಟ್ಟಲೂ ಇಲ್ಲ. ಒಬ್ಬ ಮನುಷ್ಯನು ಕವಿ, ನಟ, ಗುರು, ಮುದ್ರಕ, ಧನಸಂಗ್ರಾಹಕ ಎಲ್ಲವೂ ಆಗಿ ಎಷ್ಟು ದಿನ ನಡೆಸಿಯಾನು? ಅರಮನೆಯ ಕಾಲದಲ್ಲಿ ಕಂಡ ತೊಡಕೇ ಇಲ್ಲಿಯೂ ಬೇರೆ ಉಡುಪಿನಲ್ಲಿ ಬಂದಿತು.

ಈಗ ಕಾಶಿಗೆ ಹೋದ ಹುಡುಗನ ಮಾತಿಗೆ ಬರೋಣ. ಬಿ. ವಿ. ಕಾರಂತರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಭ್ಯಾಸಮಾಡಿ ೧೯೬೨ರಲ್ಲಿ ಹೊರಬಂದರು. ಮುಂದೆ ದೇಶದ ದೊಡ್ಡ ನಿರ್ದೇಶಕರಲ್ಲಿ ಒಬ್ಬರಾಗಲಿದ್ದ ಅವರು ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕದ ಮೇಷ್ಟರಾಗಿದ್ದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ರವೀಂದ್ರರು ೧೯೧೮ರಲ್ಲಿ ಗಿಳಿಯೊಂದರ ಕಥೆಯನ್ನು ಬರೆದಿದ್ದರು. ರಾಜನು ಗಿಳಿಗೆ ವಿದ್ಯೆ ಕಲಿಸಬೇಕೆನ್ನುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಲಿಪಿಕಾರರು ಬರುತ್ತಾರೆ. ಎಲ್ಲರೂ ಸುಖವಾಗಿರುತ್ತಾರೆ, ಪುಸ್ತಕದ ಹಾಳೆಗಳನ್ನು ಗಂಟಲಿಗೆ ತುರುಕಿಸಿಕೊಂಡ ಗಿಳಿಯೊಂದು ಮಾತ್ರ ಸಾಯುತ್ತದೆ. ಇದನ್ನು ಕಾರಂತರು ಪಂಜರಶಾಲೆಯೆಂಬ ಕನ್ನಡ ನಾಟಕವಾಗಿ ಮಾಡಿ ೧೯೭೦ರ ದಶಕದಲ್ಲಿ ಮಕ್ಕಳಿಂದಲೇ ಆಡಿಸಿದರು. ಶಾಲೆಯ ಮಕ್ಕಳೇ ಶಾಲೆಯನ್ನು ಕುರಿತು ನಗುತ್ತ, ಹಾಡುತ್ತ ಹೇಳಿದ ಆ ಮಾತು, ಟೊಳ್ಳುಗಟ್ಟಿಯು ನಡುಮನೆಯಲ್ಲಿ ಹೇಳಿದ್ದೇ. ಭೇದವಿಷ್ಟೆ: ಟೊಳ್ಳುಗಟ್ಟಿಯಲ್ಲಿ ಮಕ್ಕಳ ಪರವಾಗಿ ದೊಡ್ಡವರು ವಾದಿಸಿದ್ದರು, ಇಲ್ಲಿ ಮಕ್ಕಳೇ ವಾದಿಗಳು. ಕಂಪೆನಿಯ ಸಂಗೀತ, ಕಾಶಿಯ ಸಾಹಿತ್ಯ, ದೆಹಲಿಯ ರಂಗಶಾಸ್ತ್ರ ಮೂರೂ ಆ ಒಂದು ಮಕ್ಕಳ ನಾಟಕದಲ್ಲಿ ಕೂಡಿದ್ದುವು. ಅವರ ಪತ್ನಿ ಪ್ರೇಮಾ ಕಾರಂತರೂ ಮಕ್ಕಳ ರಂಗಭೂಮಿಗಾಗಿ ಬಹುಕಾಲ ದುಡಿದರು.

೧೯೮೯ರಲ್ಲಿ ಮೈಸೂರಿನಲ್ಲಿ ರಂಗಾಯಣವು ಸ್ಥಾಪಿತವಾದಾಗ ಕಾರಂತರೇ ಅದರ ಮೊದಲ ನಿರ್ದೇಶಕರಾದರು. ಬೇಸಗೆಯ ರಜೆಯಲ್ಲಿ ಅಲ್ಲಿ ನಡೆಯುವ ಚಿಣ್ಣರ ಮೇಳವನ್ನು ಮೈಸೂರಿನವರಿಗೆ ವರ್ಣಿಸಬೇಕಾದದ್ದಿಲ್ಲ. ಹೆಸರು ಹಚ್ಚಿಸುವುದಕ್ಕೆ ನಿಲ್ಲುವ ತಂದೆತಾಯಿಗಳ ಸಾಲೇ ಅದನ್ನು ಹೇಳುತ್ತದೆ. ನಾನು ಅದನ್ನು ಮೆಚ್ಚುವವನು. ಆದರೂ ಒಂದು ಸಂಶಯ ಉಂಟು. ಒಂದು ತಿಂಗಳು ಮಣ್ಣಿನಲ್ಲಿ ಆಡಿ, ಮುಖಕ್ಕೆ ಬಣ್ಣ ಬಳಿದುಕೊಂಡು, ಹಾಡು ಕಟ್ಟಿದ ಮಗು ಜೂನ್ ತಿಂಗಳಲ್ಲಿ ಪುನಃ ಪಂಜರಕ್ಕೆ ಹೋಗಬೇಕಾದರೆ ಲಾಭವೇನು? ಶಿಬಿರವು ಶಾಲೆಯ ಹಸಿವನ್ನು ತೋರಿಸಿಕೊಡುವುದೇ ಹೊರತು ಅದನ್ನು ತೀರಿಸಲಾರದು. ಇದಲ್ಲದೆ ಶಿಬಿರಕ್ಕೆ ಬರುವ ಮಗು ಪೇಟೆಯದು. ಹಳ್ಳಿಯ ಸರ್ಕಾರಿ ಶಾಲೆಯ ಮಗುವಿನ ಬಳಿಗೆ ಯಾರು ಹೋಗಬೇಕು?

ಹೋಗಬಲ್ಲವರನ್ನು ತಯಾರುಮಾಡಿದ ಊರು ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಕೆ ತೋಟಗಳ ನಡುವಣ ಆ ಹಳ್ಳಿಯಲ್ಲಿ ೧೯೪೯ರಲ್ಲಿ ನೀಲಕಂಠೇಶ್ವರ ನಾಟ್ಯ ಸಂಘವು ಹುಟ್ಟಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ ಊರಿಗೆ ಹಿಂದಿರುಗಿದ ಕೆ. ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು. ೧೯೮೦ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರವೂ, ೧೯೮೫ರಲ್ಲಿ ಊರೂರಿಗೆ ನಾಟಕವನ್ನು ಕೊಂಡೊಯ್ಯುವ ತಿರುಗಾಟವೂ ಪ್ರಾರಂಭವಾದುವು. ಅಲ್ಲಿ ಕಲಿತ ತರುಣ ತರುಣಿಯರು ತಂತಮ್ಮ ಜಿಲ್ಲೆಗಳಿಗೆ ಹೋಗಿ ಶಾಲೆಗಳಲ್ಲಿ ನಾಟಕ ಆಡಿಸತೊಡಗಿದರು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯೂ ೧೯೮೯ರಲ್ಲಿ ಶಿಕ್ಷಣದಲ್ಲಿ ರಂಗಭೂಮಿಯೆಂಬ ಉದ್ದೇಶದಿಂದಲೇ ಪ್ರತ್ಯೇಕವಾದ ತಂಡವೊಂದನ್ನು ಏರ್ಪಡಿಸಿತು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಸಂಗೀತ ನೃತ್ಯ ಚಿತ್ರಗಳ ಜೊತೆಗೆ ನಾಟಕವನ್ನೂ ಹತ್ತನೆಯ ತರಗತಿಯವರೆಗೆ ಶಿಕ್ಷಣದ ಅಂಗವಾಗಿ ಮಾಡಬೇಕೆಂದು ಹೇಳಿತು. ಕರ್ನಾಟಕ ಸರ್ಕಾರವು ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ರಂಗಶಿಕ್ಷಕರನ್ನು ನೇಮಿಸಿತು. ಸಂಖ್ಯೆಯಲ್ಲಿ ಅವರು ಅತ್ಯಲ್ಪ. ಆದರೆ ಸಂಖ್ಯೆಗಿಂತ ಮುಖ್ಯವಾದದ್ದೊಂದುಂಟು. ಚಾಮರಾಜೇಂದ್ರ ಒಡೆಯರ ಕಾಲದಿಂದ ದೊರೆಯ ಕೃಪೆ, ಯಜಮಾನನ ಔದಾರ್ಯ, ಅಧ್ಯಾಪಕನ ಹವ್ಯಾಸ ಇವುಗಳನ್ನು ನಂಬಿಕೊಂಡಿದ್ದ ವಿದ್ಯೆಗೆ ಮೊದಲ ಸಲ ತಿಂಗಳ ಸಂಬಳವೂ ಹಾಜರಿ ಪುಸ್ತಕದಲ್ಲಿ ಒಂದು ಸಾಲೂ ದೊರೆತುವು. ಕಲೆಗೆ ಸಂಬಳದ ಪಟ್ಟಿ ಶೋಭಿಸುವುದಿಲ್ಲವೆಂದು ಮೂಗು ಮುರಿಯುವವರುಂಟು. ಗಣಿತದ ಮೇಷ್ಟರಿಗೆ ಸಂಬಳ ಕೊಡುವುದರಿಂದ ಗಣಿತವು ಕೆಟ್ಟಿತೆಂದು ನಾನು ಇದುವರೆಗೆ ಕೇಳಿಲ್ಲ.

ಕಡೆಯದಾಗಿ, ಹೊರಟ ಸ್ಥಳವಾದ ಯಕ್ಷಗಾನಕ್ಕೇ ಹೋಗಬೇಕಾಗಿದೆ; ಏಕೆಂದರೆ ಮೇಳವೂ ಶಾಲೆಯೂ ಒಂದನ್ನೊಂದು ನೂಕುತ್ತಿದ್ದ ಕರಾವಳಿಯಲ್ಲಿಯೇ ಅವೆರಡನ್ನು ಕೂಡಿಸುವ ಉಪಾಯವೂ ದೊರೆತಿದೆ. ೧೯೭೧ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಶಿವರಾಮ ಕಾರಂತರ ಮತ್ತು ಕು. ಶಿ. ಹರಿದಾಸ ಭಟ್ಟರ ಪ್ರಯತ್ನದಿಂದ, ಯಕ್ಷಗಾನ ಕೇಂದ್ರವು ಆರಂಭವಾಯಿತು. ಮುಂದೆ ಅದರ ಗುರುಗಳಾದ ಬನ್ನಂಜೆ ಸಂಜೀವ ಸುವರ್ಣರು ಪ್ರಾಥಮಿಕ ಶಾಲೆಯನ್ನು ಕೂಡ ಪೂರೈಸಲಾಗದೆ ಆಟದಿಂದಲೇ ಮೇಲೆ ಬಂದವರು. ಅಂತಹವರ ಕೈಕೆಳಗೆ ಕಲಿಯುವ ಹುಡುಗರು ಕೇಂದ್ರದಲ್ಲಿಯೇ ವಾಸಮಾಡುತ್ತಾರೆ. ಶಾಲೆಯ ವೇಳೆಗೆ ಮುಂಚೆಯೂ ಅನಂತರವೂ ಹೆಜ್ಜೆ, ತಾಳ, ಅಭಿನಯಗಳ ಅಭ್ಯಾಸ. ನಡುವೆ ಎಲ್ಲ ಮಕ್ಕಳಂತೆ ಶಾಲೆಗೆ ಹೋಗಿಬರುತ್ತಾರೆ. ತನಗೆ ದೊರೆಯದ ಶಾಲೆಯನ್ನು ತನ್ನ ಶಿಷ್ಯರಿಗೆ ತಪ್ಪಿಸದ ಗುರುವಿವರು.

ಇದರ ತರುವಾಯ ೨೦೦೦ದ ದಶಕದಿಂದ ಉಡುಪಿಯ ಪ್ರೌಢಶಾಲೆಗಳಲ್ಲಿಯೇ ಯಕ್ಷಗಾನವನ್ನು ಕಲಿಸುವ ಏರ್ಪಾಡು ನಡೆದುಬಂದಿದೆ. ಗುರುಗಳು ಶಾಲೆಗೇ ಬರುತ್ತಾರೆ. ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ಮೇಳಗಳು ಗೆಜ್ಜೆ ಬಿಚ್ಚುವುದು ಮೇ ತಿಂಗಳ ಕೊನೆಯಲ್ಲಿ. ಹಿಂದೆ ಹುಡುಗನನ್ನು ಶಾಲೆಯಿಂದ ಬಿಡಿಸುತ್ತಿದ್ದ ಪಂಚಾಂಗವೇ ಈಗ ಅನುಕೂಲವಾಗಿ ಒದಗುತ್ತದೆ. ಮಳೆಗಾಲದಲ್ಲಿ ತಿರುಗಾಟವಿಲ್ಲದ ಕಲಾವಿದನಿಗೆ ಕಲಿಸುವುದಕ್ಕೆ ಬಿಡುವು, ಮಕ್ಕಳಿಗೆ ಪರೀಕ್ಷೆ ಇನ್ನೂ ದೂರ. ವರ್ಷದ ಕೊನೆಯ ತಿಂಗಳುಗಳಲ್ಲಿ ಶಾಲೆಗೊಂದು ಪ್ರಸಂಗದಂತೆ ಊರಿನವರೆದುರಿಗೆ ಆಡುತ್ತಾರೆ. ಬೆಳಗಾಗುವವರೆಗೆ ನಡೆಯುವ ಆಟವಲ್ಲ. ಒಂದೊಂದು ಶಾಲೆಗೆ ಸಂಜೆಯ ಒಂದು ಒಂದೂವರೆ ಗಂಟೆ. ಭಾಗವತರು, ಮದ್ದಳೆ, ಚೆಂಡೆ, ವೇಷಭೂಷಣಗಳ ವೆಚ್ಚವನ್ನು ಮಕ್ಕಳ ಮೇಲೆ ಹಾಕುವುದಿಲ್ಲ. ಒಂದು ಕಾಲದಲ್ಲಿ ಸ್ತ್ರೀವೇಷವನ್ನೂ ಗಂಡುಮಕ್ಕಳೇ ಹಾಕುತ್ತಿದ್ದ ಈ ಆಟದಲ್ಲಿ ಈಗ ಹೆಣ್ಣುಮಕ್ಕಳು ಕೇದಗೆ ಮುಂದಲೆ ಕಟ್ಟಿಕೊಂಡು ಪುರುಷವೇಷಗಳಲ್ಲಿಯೂ ಕುಣಿಯುತ್ತಾರೆ. ಅಭಿಮನ್ಯುವಾಗಿ ಚಕ್ರವ್ಯೂಹವನ್ನು ಹೊಕ್ಕ ಹುಡುಗಿ ಚೌಕಿಗೆ ಹೋಗಿ, ತೆಂಗಿನೆಣ್ಣೆಯಿಂದ ಬಣ್ಣ ತೆಗೆದು, ರಾತ್ರಿ ಸಕಾಲಕ್ಕೆ ಮಲಗಿಕೊಳ್ಳುತ್ತಾಳೆ. ಮಾರನೆಯ ದಿನ ಬೆಳಗ್ಗೆ ಶಾಲೆಯುಂಟು.